ಚಾ ಬಿಟ್ಟ ದಿನದ ತಲೆನೋವು

(ಶಿರಸಿಯಲ್ಲಿ ಒಂದು ಭಾನುವಾರ ಸಂಜೆ ನಾನು ನೀಡಿದ ಉಪನ್ಯಾಸದ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಚಾ ಇಟ್ಟಿದ್ದಾರೆ, ಬಹಳ ಜನ ಕುಡಿದೇ ಒಳಗೆ ಬಂದಿದ್ದೀರಿ. ನಾನೂ ಕುಡಿದೆ. ಚಾ, ಕಾಫಿ ಬಿಡಿ ಅಂತ ಹೇಳಲಿಕ್ಕೆ ನಾನು ಬಂದಿಲ್ಲ. ಹಾಗಾಗಿ ಯಾರೂ ಲೋಟ ಬಚ್ಚಿಡಬೇಕಾಗಿಲ್ಲ.

ನಾನು ವೈದ್ಯನಲ್ಲ. ಫಾರ್ಮಸಿ ಓದಿ ಔಷಧಿ ಅಂಗಡಿ ಇಟ್ಟುಕೊಂಡವನು. ವೈದ್ಯರ ಹತ್ತಿರ ಜನ ಕಷ್ಟ ಹೇಳಿಕೊಳ್ಳುತ್ತಾರೆ. ನಮ್ಮ ಹತ್ತಿರ ಬಂದವರು 'ಎರಡು ತಲೆನೋವಿನ ಗುಳಿಗೆ ಕೊಡಿ' ಅಂತಾರೆ, ದುಡ್ಡು ಕೊಡುತ್ತಾರೆ, ಬಸ್ಸು ಹಿಡಿಯಲು ಓಡುತ್ತಾರೆ. ಆದರೆ ಅದೇ ಮುಖ ವಾರದಲ್ಲಿ ಎರಡು ಮೂರು ಸಲ ಕಂಡರೆ ನಮಗೂ ಪ್ರಶ್ನೆ ಹುಟ್ಟುತ್ತದೆ. ಇವತ್ತಿನ ಮಾತು ಹಾಗೆ ಹುಟ್ಟಿದ ಪ್ರಶ್ನೆಯಿಂದಲೇ ಶುರು.

ಸಿದ್ದಾಪುರದ ಕಡೆಯ ಒಬ್ಬರು ಅಕ್ಕ, ಹೆಸರು ಬೇಡ. ಕೊಯ್ಲಿನ ಕಾಲದಲ್ಲಿ ಹಗಲು ಮನೆಗೆಲಸ, ರಾತ್ರಿ ಅಡಿಕೆ ಸುಲಿಯುವ ಕೆಲಸ. ನಿಮಗೆಲ್ಲ ಗೊತ್ತಿರುವುದೇ. ಚಪ್ಪರದ ಕೆಳಗೆ ಲೈಟು ಹಾಕಿಕೊಂಡು, ಮೆಟ್ಟುಗತ್ತಿ ಮುಂದೆ ಕೂತು, ರಾತ್ರಿ ಹನ್ನೊಂದು ಹನ್ನೆರಡರ ತನಕ ಹಸಿ ಅಡಿಕೆ ಸುಲಿಯಬೇಕು. ನಿದ್ದೆ ತೂಗಿದರೆ ಕೈಗೆ ಕತ್ತಿ. ಅದಕ್ಕೇ ಮನೆಯವರು ಒಲೆಯ ಮೇಲೆ ಚಾ ಪಾತ್ರೆ ಇಟ್ಟೇ ಇರುತ್ತಾರೆ. ಕುದ್ದು ಕುದ್ದು ಕಪ್ಪಾದ ಚಾ. ಅದನ್ನು ಯಾರೂ ಲೆಕ್ಕ ಇಡುವುದಿಲ್ಲ. ಈ ಅಕ್ಕ ದಿನಕ್ಕೆ ಏಳೆಂಟು ಲೋಟ ಕುಡಿಯುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಸುಲಿಗೆ ಮುಗಿಯಿತು. ಚಾ ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಇಳಿಯಿತು. ತಲೆನೋವು ಶುರುವಾಯಿತು. ಮಾಮೂಲಿ ತಲೆನೋವಲ್ಲ, ಇಡೀ ತಲೆ ಭಾರ, ಹೊಟ್ಟೆ ತೊಳಸುವುದು, ಯಾರು ಮಾತಾಡಿಸಿದರೂ ಸಿಟ್ಟು. ಅಂಗಡಿಯಿಂದ ಒಂದು ಗುಳಿಗೆ ತಗೊಂಡರು. ಅರ್ಧ ಗಂಟೆಯಲ್ಲಿ ಎಲ್ಲ ಸರಿ. ಮರುದಿನ ಮತ್ತೆ ನೋವು, ಮತ್ತೆ ಗುಳಿಗೆ. ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಸಿಕೊಂಡರು. ಶೀತ ಇಳಿದಿದೆ ಅಂತ ಹಬೆ ತಗೊಂಡರು. ಯಾರೋ ಮೈಗ್ರೇನ್ ಅಂದರು. ಗುಳಿಗೆ ಮಾತ್ರ ಬಿಡಲಿಲ್ಲ, ಯಾಕಂದರೆ ಅದು ಕೆಲಸ ಮಾಡುತ್ತಿತ್ತು.

ಯಾಕೆ ಕೆಲಸ ಮಾಡುತ್ತಿತ್ತು ಅಂತ ಗುಳಿಗೆಯ ಹಿಂದೆಯೇ ಬರೆದಿರುತ್ತದೆ. ಚೀಟಿ ಇಲ್ಲದೆ ಜನ ಕೇಳಿ ಒಯ್ಯುವ ತಲೆನೋವಿನ ಗುಳಿಗೆಗಳಲ್ಲಿ ಹಲವಕ್ಕೆ ಪ್ಯಾರಾಸಿಟಮಾಲ್ ಜೊತೆ ಕೆಫೀನ್, ಅಂದರೆ ಚಾ ಕಾಫಿಯಲ್ಲಿ ಇದ್ದು ನಿದ್ದೆ ಓಡಿಸುವ ವಸ್ತು, ಸೇರಿಸಿರುತ್ತಾರೆ. ಒಂದು ಗುಳಿಗೆಯಲ್ಲಿ 50 ಮಿಲಿಗ್ರಾಂ ಇರುವುದು ಸಾಮಾನ್ಯ. ಅಂದರೆ ಹೆಚ್ಚುಕಡಿಮೆ ಒಂದು ಲೋಟ ಚಾದಲ್ಲಿ ಇರುವಷ್ಟೇ. ಆ ಅಕ್ಕ ಬಿಟ್ಟ ಚಾವನ್ನೇ ಗುಳಿಗೆ ರೂಪದಲ್ಲಿ ನುಂಗುತ್ತಿದ್ದರು. ಸ್ಟ್ರಿಪ್ಪಿನ ಹಿಂದಿನ ಅಕ್ಷರ ಎಷ್ಟು ಸಣ್ಣ ಅಂದರೆ ಹೊಸ ಕನ್ನಡಕ ಹಾಕಿದರೂ ಕಾಣುವುದಿಲ್ಲ, ಅದು ಬೇರೆ ಮಾತು.

ಈಗ ಒಳಗೆ ಏನಾಗುತ್ತದೆ ನೋಡೋಣ. ನಾವು ಎಚ್ಚರ ಇರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ನರಕೋಶದ ಮೇಲೆ ಅದಕ್ಕೆ ಅಂತಲೇ ಜಾಗಗಳಿವೆ. ಅಲ್ಲಿ ಅದು ಕೂತರೆ ನಮಗೆ ತೂಕಡಿಕೆ. ಕೆಫೀನ್ ಮಾಡುವುದು ಇಷ್ಟೇ: ಹುಬ್ಬಳ್ಳಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ ಆ ಜಾಗ ಹಿಡಿದಿಡುವುದು. ಅಡೆನೊಸಿನ್ ಎಲ್ಲಿಗೂ ಹೋಗಿರುವುದಿಲ್ಲ, ನಿಂತಿರುತ್ತದೆ. ಸುಸ್ತು ಕಮ್ಮಿ ಆಗಿರುವುದಿಲ್ಲ, ಗೊತ್ತಾಗುತ್ತಿರುವುದಿಲ್ಲ ಅಷ್ಟೇ. ದಿನಾ ಟವೆಲ್ ಬೀಳತೊಡಗಿದರೆ ಮಿದುಳು ಸೀಟು ಜಾಸ್ತಿ ಮಾಡಿಕೊಳ್ಳುತ್ತದೆ. ಮೊದಲು ಒಂದು ಲೋಟಕ್ಕೆ ಬರುತ್ತಿದ್ದ ಹುರುಪಿಗೆ ಈಗ ಎರಡು ಬೇಕು. ಒಂದು ದಿನ ಟವೆಲ್ ಬೀಳಲೇ ಇಲ್ಲ ಅನ್ನಿ, ನಿಂತವರೆಲ್ಲ ಒಮ್ಮೆಲೇ ಕೂತುಬಿಡುತ್ತಾರೆ. ಅದರ ಜೊತೆಗೆ ಇನ್ನೊಂದಿದೆ. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಸ್ವಲ್ಪ ಬಿಗಿ ಮಾಡಿರುತ್ತದೆ. ಅದು ಇಲ್ಲದಾಗ ನಾಳಗಳು ಹಿಗ್ಗುತ್ತವೆ, ರಕ್ತದ ಹರಿವು ಏರುತ್ತದೆ, ತಲೆ ಸಿಡಿಯುತ್ತದೆ.

ಈ ತೊಂದರೆ ಕೊನೆಯ ಲೋಟ ಕುಡಿದು 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. ಒಂದೆರಡು ದಿನಕ್ಕೆ ಜೋರಾಗುತ್ತದೆ. ಎರಡರಿಂದ ಒಂಬತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ತಲೆನೋವು, ವಿಪರೀತ ಸುಸ್ತು ಅಥವಾ ನಿದ್ದೆ, ಬೇಸರ ಅಥವಾ ಸಿಡುಕು, ಮನಸ್ಸು ಒಂದು ಕಡೆ ನಿಲ್ಲದಿರುವುದು, ಜ್ವರ ಬರುವ ಮುಂಚಿನ ಹಾಗೆ ಮೈಕೈ ನೋವು ಮತ್ತು ವಾಕರಿಕೆ. ಈ ಐದು ಗುಂಪಿನಲ್ಲಿ ಮೂರು ಇದ್ದು, ಅದರಿಂದ ದಿನದ ಕೆಲಸಕ್ಕೆ ತೊಂದರೆಯಾದರೆ, ಬೇರೆ ಕಾಯಿಲೆ ಕಾರಣ ಅಲ್ಲ ಅಂತ ಖಾತ್ರಿಯಾದರೆ, ವೈದ್ಯರು ಅದನ್ನು ಕೆಫೀನ್ ಬಿಟ್ಟಾಗಿನ ತೊಂದರೆ ಅಂತ ಗುರುತಿಸುತ್ತಾರೆ. ದಿನಕ್ಕೆ 100 ಮಿಲಿಗ್ರಾಂ, ಅಂದರೆ ಎರಡು ಲೋಟ ಚಾ ಕುಡಿಯುವವರಿಗೂ ಇದು ಬರಬಹುದು. ಎಲ್ಲರಿಗೂ ಬರುವುದಿಲ್ಲ. ಪರೀಕ್ಷೆ ಮಾಡಿ ನೋಡಿದ ಅಧ್ಯಯನಗಳಲ್ಲಿ ಸುಮಾರು ಅರ್ಧ ಜನಕ್ಕೆ ತಲೆನೋವು ಬಂದಿದೆ.

ನೀವು ಇದನ್ನು ನೋಡಿಯೇ ಇದ್ದೀರಿ, ಹೆಸರು ಮಾತ್ರ ಬೇರೆ ಕೊಟ್ಟಿದ್ದೀರಿ. ಭಟ್ಕಳದ ಗೆಳೆಯರು ಹೇಳುತ್ತಾರೆ, ರಂಜಾನಿನ ಮೊದಲ ಎರಡು ಮೂರು ದಿನ ಮಧ್ಯಾಹ್ನದ ಮೇಲೆ ತಲೆ ಎತ್ತಲಿಕ್ಕೆ ಆಗುವುದಿಲ್ಲ ಅಂತ. ಹಸಿವು, ನೀರಡಿಕೆ ಇದ್ದದ್ದೇ, ಅದರ ಜೊತೆ ಬೆಳಗಿನ ಚಾ ತಪ್ಪಿದ್ದೂ ಸೇರಿರುತ್ತದೆ. ಕಟ್ಟುನಿಟ್ಟು ಏಕಾದಶಿ ಮಾಡುವವರಲ್ಲೂ ಹಾಗೇ. ಆಪರೇಷನ್ನಿಗೆ ಅಂತ ರಾತ್ರಿಯಿಂದ ಉಪವಾಸ ಇಟ್ಟವರಿಗೆ ಎಚ್ಚರ ಆದ ಮೇಲೆ ಬರುವ ತಲೆನೋವಿನಲ್ಲೂ ಇದರ ಪಾಲು ಇದೆ ಅಂತ ವೈದ್ಯಕೀಯದವರೇ ಬರೆದಿದ್ದಾರೆ. ಭಾನುವಾರ ಎಂಟು ಗಂಟೆ ತನಕ ಮಲಗಿದವರಿಗೆ 'ನಿದ್ದೆ ಜಾಸ್ತಿಯಾಗಿ' ತಲೆನೋವು ಬರುತ್ತದಲ್ಲ, ಅದೂ ಎಷ್ಟೋ ಸಲ ಆರು ಗಂಟೆಯ ಚಾ ತಪ್ಪಿದ್ದೇ.

ಒಂದು ಸೋಜಿಗ ನೋಡಿ. ಕಾಫಿ ಬೀಜದಿಂದ ಕೆಫೀನನ್ನು ಬೇರ್ಪಡಿಸಿದ್ದು 1819ರಲ್ಲಿ, ಜರ್ಮನಿಯ ರುಂಗೆ ಎಂಬ ರಸಾಯನ ವಿಜ್ಞಾನಿ. ಬೀಜ ಕೈಗೆ ಕೊಟ್ಟು ಪರೀಕ್ಷೆ ಮಾಡು ಅಂದದ್ದು ಕವಿ ಗಯಟೆ. ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ ಎಂಬ ರೋಗನಿರ್ಣಯ ಪುಸ್ತಕದಲ್ಲಿ, ಕೆಫೀನ್ ಬಿಟ್ಟಾಗಿನ ತೊಂದರೆಗೆ ಪೂರ್ತಿ ಮಾನ್ಯತೆ ಸಿಕ್ಕಿದ್ದು 2013ರ ಐದನೇ ಆವೃತ್ತಿಯಲ್ಲಿ. ಹೆಚ್ಚುಕಡಿಮೆ ಇನ್ನೂರು ವರ್ಷ ಬೇಕಾಯಿತು!

ಇಲ್ಲಿ ಒಂದು ಗಂಟು ಬಿಡಿಸಬೇಕು. ಬಿಟ್ಟರೆ ತಲೆನೋವು ಬರುತ್ತದೆ ಅಂದ ಮಾತ್ರಕ್ಕೆ ನೀವು ಚಟಕ್ಕೆ ಬಿದ್ದಿದ್ದೀರಿ ಅಂತ ಅಲ್ಲ. ದೇಹ ಒಗ್ಗಿಕೊಂಡಿದೆ ಅಂತ ಅಷ್ಟೇ. ಹಾಗೆ ನೋಡಿದರೆ ಈ ಸಭೆಯಲ್ಲಿ ಮುಕ್ಕಾಲು ಜನ ರೋಗಿಗಳಾಗಬೇಕಾಗುತ್ತದೆ. ಡಿಎಸ್‌ಎಂ ಬರೆದವರಿಗೂ ಈ ಹೆದರಿಕೆ ಇತ್ತು. ಅದಕ್ಕೇ ಅವರು 'ಕೆಫೀನ್ ಬಳಕೆಯ ಸಮಸ್ಯೆ' ಅನ್ನುವುದನ್ನು ಅಧಿಕೃತ ಕಾಯಿಲೆಗಳ ಪಟ್ಟಿಯಲ್ಲಿ ಹಾಕಲಿಲ್ಲ, ಇನ್ನೂ ಅಧ್ಯಯನ ಆಗಬೇಕಾದವು ಅನ್ನುವ ಭಾಗದಲ್ಲಿ ಇಟ್ಟರು. ಹೆಂಡ, ತಂಬಾಕಿಗೆ ಹನ್ನೊಂದು ಲಕ್ಷಣಗಳಲ್ಲಿ ಯಾವುದಾದರೂ ಎರಡು ಇದ್ದರೆ ಸಾಕು. ಕೆಫೀನಿಗೆ ಹಾಗಲ್ಲ. ಮೂರು ಲಕ್ಷಣಗಳು ಒಂದೇ ವರ್ಷದೊಳಗೆ ಒಟ್ಟಿಗೇ ಕಾಣಬೇಕು, ಮೂರರಲ್ಲಿ ಒಂದೂ ತಪ್ಪುವ ಹಾಗಿಲ್ಲ.

ಮೊದಲನೆಯದು, ಕಮ್ಮಿ ಮಾಡಬೇಕು ಅಂತ ಮನಸ್ಸಿದೆ, ಪ್ರಯತ್ನವೂ ಮಾಡಿದ್ದಾರೆ, ಆಗುತ್ತಿಲ್ಲ. ಎರಡನೆಯದು, ಇದರಿಂದ ತನಗೆ ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಕುಡಿಯುತ್ತಲೇ ಇದ್ದಾರೆ. ಮೂರನೆಯದು, ಬಿಟ್ಟರೆ ಈಗ ಹೇಳಿದ ತೊಂದರೆಗಳು ಬರುತ್ತವೆ, ಅಥವಾ ಅವು ಬರಬಾರದು ಅಂತಲೇ ಕುಡಿಯುತ್ತಾರೆ.

ಇವುಗಳಲ್ಲಿ ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ, ಮತ್ತು ಅದೇ ಕೌಂಟರಿನಲ್ಲಿ ಕಣ್ಣಿಗೆ ಬೀಳುವುದು. ಒಬ್ಬರು ಎಸಿಡಿಟಿ ಗುಳಿಗೆ ಒಯ್ಯುತ್ತಾರೆ. 'ಖಾಲಿ ಹೊಟ್ಟೆಗೆ ಚಾ ಕುಡಿದರೆ ಎದೆ ಉರಿಯುತ್ತದೆ ಮಾರಾಯ್ರೆ' ಅಂತ ಅವರೇ ಹೇಳುತ್ತಾರೆ. ಗುಳಿಗೆ ನುಂಗುವುದು ಎದುರಿನ ಹೋಟೆಲಿನ ಚಾ ಜೊತೆಗೇ. ಇನ್ನೊಬ್ಬರು ನಿದ್ದೆ ಗುಳಿಗೆಯ ಚೀಟಿ ತರುತ್ತಾರೆ. ರಾತ್ರಿ ನಿದ್ದೆ ಇಲ್ಲ, ಅದಕ್ಕೆ ಹಗಲು ನಾಲ್ಕು ಕಾಫಿ, ಆ ಕಾಫಿಯಿಂದ ಮತ್ತೆ ನಿದ್ದೆ ಇಲ್ಲ. ಮತ್ತೊಬ್ಬರಿಗೆ ಎದೆ ಡವಡವ, ಕೈ ನಡುಕ, ಏನೋ ಆಗಿಬಿಡುತ್ತದೆ ಅನ್ನುವ ಗಾಬರಿ. ಹೃದಯ ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂತ ಬಂದರು. ವೈದ್ಯರು ಕಾಫಿ ಕಮ್ಮಿ ಮಾಡಿ ಅಂತ ಹೇಳಿಯೂ ಇದ್ದಾರೆ. ಮೊದಲೇ ಆತಂಕದ ಸ್ವಭಾವ ಇದ್ದವರಿಗೆ ಕೆಫೀನ್ ಅದನ್ನು ಹೆಚ್ಚು ಮಾಡುತ್ತದೆ ಅನ್ನುವುದು ಖಚಿತವಾದ ಸಂಗತಿ. ಆದರೂ ಬಿಡಲಿಕ್ಕೆ ಆಗುತ್ತಿಲ್ಲ. ಇಂಥವರನ್ನು ನೋಡಿದಾಗ ಎಷ್ಟು ಲೋಟ ಅಂತ ನಾನು ಮೊದಲು ಕೇಳುವುದಿಲ್ಲ. 'ಬಿಡಲು ನೋಡಿದ್ರಾ? ಏನಾಯ್ತು?' ಅಂತ ಕೇಳುತ್ತೇನೆ.

ಈ ಮೂರರ ಮೇಲೆ ಇನ್ನೂ ಆರು ಸೂಚನೆಗಳಿವೆ, ಬೇಗ ಹೇಳುತ್ತೇನೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಕುಡಿಯುವುದು, ಕುಡಿಯುವ ಪ್ರಮಾಣ ಏರುತ್ತಲೇ ಹೋಗುವುದು, ಚಾ ಸಿಗದಿದ್ದರೆ ಬೇರೇನೂ ತಲೆಗೆ ಹೋಗದಷ್ಟು ಆಸೆ, ಅದಕ್ಕಾಗಿ ಬಹಳ ಹೊತ್ತು ಕಳೆಯುವುದು, ಅದರಿಂದ ಕೆಲಸಕ್ಕೆ ತಡ ಆಗುವುದು ಅಥವಾ ರಜೆ ಬೀಳುವುದು, ಮನೆಯಲ್ಲಿ ಅದೇ ವಿಷಯಕ್ಕೆ ಜಗಳ ಆದರೂ ಮುಂದುವರಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿ ಬೇರೆ ದಾರಿ ಹಿಡಿದಿದೆ. ಅದರಲ್ಲಿ ಕೆಫೀನಿನ ಅತಿಸೇವನೆ, ಬಿಟ್ಟಾಗಿನ ತೊಂದರೆ, ಆರೋಗ್ಯಕ್ಕೆ ಹಾನಿ ಮಾಡುವ ಬಳಕೆ ಇವೆಲ್ಲ ಇವೆ, ಅವಲಂಬನೆ ಅನ್ನುವ ಹಣೆಪಟ್ಟಿ ಮಾತ್ರ ಇಲ್ಲ. ಪಂಡಿತರಲ್ಲೇ ಒಮ್ಮತ ಇಲ್ಲ ಅಂದ ಮೇಲೆ ನಾವು ಪಕ್ಕದ ಮನೆಯವರಿಗೆ ಹಣೆಪಟ್ಟಿ ಹಚ್ಚುವ ಅವಸರ ಮಾಡಬಾರದು.

ಪ್ರಮಾಣದ ಮಾತು ಬಂದೇ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಮೀರಬೇಡಿ ಅಂದಿದೆ. ಅದೇ ಲೆಕ್ಕದ ಪ್ರಕಾರ 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಾದಲ್ಲಿ 30ರಿಂದ 65 ಮಿಲಿಗ್ರಾಂ. ಯುರೋಪಿನವರು ಆರೋಗ್ಯವಂತ ದೊಡ್ಡವರಿಗೆ 400ರ ತನಕ ಅಡ್ಡಿಯಿಲ್ಲ ಅನ್ನುತ್ತಾರೆ. ಮನೆಯ ಲೆಕ್ಕದಲ್ಲಿ ಇದು ಏರುಪೇರಾಗುತ್ತದೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್. ಚಿಕೋರಿಯಲ್ಲಿ ಕೆಫೀನೇ ಇಲ್ಲ, ಹಾಗಾಗಿ ಚಿಕೋರಿ ಬೆರೆಸಿದ ಪುಡಿಯಲ್ಲಿ ಅಷ್ಟು ಕಮ್ಮಿ. ಚಾ ಪುಡಿ ಹೆಚ್ಚು ಹೊತ್ತು ಕುದಿಸಿದಷ್ಟೂ ಕೆಫೀನ್ ಜಾಸ್ತಿ ಇಳಿಯುತ್ತದೆ. ನಮ್ಮ ಅಡಿಕೆ ಚಪ್ಪರದ ಚಾವನ್ನು ಮತ್ತೊಮ್ಮೆ ನೆನೆಸಿಕೊಳ್ಳಿ.

ಆದರೆ ಒಂದೇ ಲೋಟ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ತರ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೆ ಅರ್ಧ ಉಳಿದಿರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಇದು ಬೇಗ ಕರಗುತ್ತದೆ. ಇದರ ಇನ್ನೊಂದು ಮುಖ ಯಾರೂ ಹೇಳುವುದಿಲ್ಲ. ಒಬ್ಬರು ಗಟ್ಟಿ ಮನಸ್ಸು ಮಾಡಿ ಬೀಡಿ ಬಿಡುತ್ತಾರೆ, ಚಾ ಮೊದಲಿನಷ್ಟೇ ಕುಡಿಯುತ್ತಾರೆ. ಈಗ ಅದೇ ಚಾ ಮೈಯಲ್ಲಿ ಎರಡು ಪಟ್ಟು ಹೊತ್ತು ಉಳಿಯುತ್ತದೆ. ನಿದ್ದೆ ಹೋಗುತ್ತದೆ, ಕೈ ನಡುಗುತ್ತದೆ, ಮನಸ್ಸು ಚಡಪಡಿಸುತ್ತದೆ. 'ಬೀಡಿ ಬಿಟ್ಟಿದ್ದಕ್ಕೇ ಹೀಗಾಯಿತು' ಅಂತ ಮತ್ತೆ ಹಚ್ಚುತ್ತಾರೆ. ಬೀಡಿ ಬಿಡುವವರು ಚಾವನ್ನೂ ಅರ್ಧಕ್ಕೆ ಇಳಿಸಿದರೆ ಈ ಕಾಟ ಎಷ್ಟೋ ಕಮ್ಮಿ. ಸಿಪ್ರೊಫ್ಲಾಕ್ಸಾಸಿನ್ ಅಂತ ಒಂದು ಆಂಟಿಬಯಾಟಿಕ್ ಇದೆ. ಅದು ಕೂಡ ಕೆಫೀನ್ ಕರಗುವುದನ್ನು ತಡೆಯುತ್ತದೆ. ಆ ಗುಳಿಗೆ ತಗೊಳ್ಳುವಷ್ಟು ದಿನ ಕಾಫಿ ಕಮ್ಮಿ ಇರಲಿ. ಥೈರಾಯ್ಡ್ ಗುಳಿಗೆಯನ್ನು ಕಾಫಿ ಜೊತೆ ನುಂಗಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಮನೋವೈದ್ಯರು ಲಿಥಿಯಂ ಕೊಟ್ಟಿದ್ದರೆ ಅವರಿಗೆ ಹೇಳದೆ ಚಾ ಕಾಫಿಯನ್ನು ಒಮ್ಮೆಲೇ ನಿಲ್ಲಿಸಬೇಡಿ. ರಕ್ತದಲ್ಲಿ ಲಿಥಿಯಂ ಏರಿಬಿಡುತ್ತದೆ.

ಸರಿ, ಮೂರೂ ಲಕ್ಷಣ ನನಗೆ ಇವೆ ಅಂತ ಯಾರಿಗಾದರೂ ಅನ್ನಿಸಿದರೆ? ಮೊದಲು ಒಂದು ವಾರ ಏನನ್ನೂ ಬದಲಿಸದೆ ಸುಮ್ನೆ ಬರೆದಿಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದಲ್ಲಿ ಗೀಟು ಎಳೆದರೂ ಸಾಕು. ಚಾ, ಕಾಫಿ, ಕೋಲಾ, ಎನರ್ಜಿ ಡ್ರಿಂಕ್, ತಲೆನೋವಿನ ಗುಳಿಗೆ, ಎಲ್ಲ ಸೇರಬೇಕು. ಗುಳಿಗೆಗೆ ಬೇರೆ ಬಣ್ಣದ ಪೆನ್ನು ಇರಲಿ. ನೋವಿನ ಗುಳಿಗೆಯೇ ತಲೆನೋವು ತರಿಸುವ ಇನ್ನೊಂದು ಕಾಯಿಲೆ ಇದೆ. ಇಂಥ ಬೆರಕೆ ಗುಳಿಗೆಯನ್ನು ತಿಂಗಳಿಗೆ ಹತ್ತು ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೇಲೆ ತಗೊಂಡವರಲ್ಲಿ ಅದನ್ನು ಅನುಮಾನಿಸಬೇಕು.

ಆಮೇಲೆ ನಿಧಾನಕ್ಕೆ ಇಳಿಸಿ. ಒಂದೇ ದಿನಕ್ಕೆ ನಿಲ್ಲಿಸುವ ಶೌರ್ಯ ಬೇಡ, ಮೂರನೇ ದಿನಕ್ಕೆ ಸೋಲುವುದು ಅಲ್ಲೇ. ವಾರಕ್ಕೆ ನಾಲ್ಕನೇ ಒಂದು ಪಾಲಿಗಿಂತ ಜಾಸ್ತಿ ಇಳಿಸಬೇಡಿ. ಮೊದಲು ರಾತ್ರಿಯದು ಹೋಗಲಿ, ಆಮೇಲೆ ಸಂಜೆಯದು, ಬೆಳಗಿನದು ಕೊನೆಗೆ ನೋಡೋಣ. ಆ ಅಕ್ಕನೂ ಹೀಗೇ ಮಾಡಿದರು. ಮೊದಲು ವೈದ್ಯರಿಗೆ ತೋರಿಸಿ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ಕೆಫೀನ್ ಇರುವ ಗುಳಿಗೆ ನಿಲ್ಲಿಸಿ, ಬೇಕೇ ಬೇಕಾದಾಗ ಬರೀ ಪ್ಯಾರಾಸಿಟಮಾಲ್ ತಗೊಂಡರು. ಮೊದಲ ವಾರ ಕಷ್ಟ ಪಟ್ಟರು. ಮುಂದಿನ ಕೊಯ್ಲಿಗೆ ರಾತ್ರಿ ಒಂಬತ್ತರ ಮೇಲೆ ಚಪ್ಪರದಲ್ಲಿ ಚಾ ಬದಲು ಜೀರಿಗೆ ಕೊತ್ತಂಬರಿ ಕಷಾಯ ಮಾಡಿಸಿದ್ದಾರಂತೆ. ಉಳಿದವರು ಗೊಣಗಿದರು ಅಂತಲೂ ಕೇಳಿದೆ.

ತಾವಾಗಿ ಮಾಡಲು ಆಗದಿದ್ದರೆ ವೈದ್ಯರ ಹತ್ತಿರ ಹೋಗಲು ನಾಚಿಕೆ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇನ್ನೊಂದು ಎಚ್ಚರಿಕೆ. ಹಠಾತ್ತನೆ ಬಂದ, ಹಿಂದೆಂದೂ ಬಾರದಂಥ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಒಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು, ಇವು ಚಾ ಬಿಟ್ಟದ್ದರಿಂದ ಬರುವುದಲ್ಲ. ಸೀದಾ ಆಸ್ಪತ್ರೆಗೆ ಹೋಗಬೇಕು.

ಇನ್ನು ಸಭೆಯ ಪ್ರಶ್ನೆಗಳು.

ಹಿರಿಯರೊಬ್ಬರು ಎದ್ದು, 'ನಾನು ಐವತ್ತು ವರ್ಷದಿಂದ ದಿನಕ್ಕೆ ಎರಡು ಕಾಫಿ ಕುಡೀತಿದ್ದೇನೆ, ಏನೂ ಆಗಿಲ್ಲ. ನಂದು ಚಟವೋ?' ಅಂತ ಸವಾಲು ಹಾಕಿದರು. ಅಲ್ಲ ಅಂದೆ. ಬಿಡಬೇಕು ಅಂತ ನಿಮಗೆ ಅನ್ನಿಸಿಲ್ಲ, ತೊಂದರೆಯೂ ಇಲ್ಲ. ಮೂರರಲ್ಲಿ ಎರಡು ಇಲ್ಲವೇ ಇಲ್ಲ. ಮಿತವಾಗಿ ಕಾಫಿ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ಕಮ್ಮಿ ಕಂಡಿದೆ ಅಂತ ಅಧ್ಯಯನಗಳೂ ಇವೆ. ಅವರು ಗೆದ್ದ ಹಾಗೆ ಕೂತರು.

ಕಾಲೇಜು ಹುಡುಗನೊಬ್ಬ ಪರೀಕ್ಷೆ ಹೊತ್ತಿನ ಎನರ್ಜಿ ಡ್ರಿಂಕ್ ಬಗ್ಗೆ ಕೇಳಿದ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಅಂಥ ಪಾನೀಯಕ್ಕೆ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಮಿತಿ. ಮಕ್ಕಳಿಗೆ, ಗರ್ಭಿಣಿಯರಿಗೆ ಬೇಡ ಅಂತ ಡಬ್ಬಿಯ ಮೇಲೆ ಬರೆಯಲೇಬೇಕು. ಒಂದು ಡಬ್ಬಿ ಒಂದೂವರೆ ಲೋಟ ಗಟ್ಟಿ ಚಾದಷ್ಟು. ತೊಂದರೆ ಇರುವುದು ತಣ್ಣಗೆ ಸಿಹಿಯಾಗಿ ಎರಡು ಮೂರು ಡಬ್ಬಿ ಸಲೀಸಾಗಿ ಇಳಿದುಹೋಗುವುದರಲ್ಲಿ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ತಗೊಂಡರೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಹೋಗುತ್ತದೆ ಅಂತ 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ನಿದ್ದೆ ಬೇಕು, ಅಲ್ವಾ?

ಲಾರಿ ಓಡಿಸುವವರೊಬ್ಬರು, 'ರಾತ್ರಿ ಅರಬೈಲ್ ಘಟ್ಟ ಇಳಿಯಬೇಕು, ಚಾ ಇಲ್ಲದೆ ಹೇಗೆ?' ಅಂದರು. ಕುಡಿಯಿರಿ ಅಂದೆ. ಯಲ್ಲಾಪುರದಲ್ಲಿ ಗಾಡಿ ನಿಲ್ಲಿಸಿ ಚಾ ಕುಡಿದು, ಕೂಡಲೇ ಹೊರಡಬೇಡಿ. ಕೆಫೀನ್ ಮಿದುಳು ಮುಟ್ಟಲು ಅರ್ಧ ಗಂಟೆ ಬೇಕು. ಆ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಆದರೂ ರೆಪ್ಪೆ ಎಳೆದರೆ ಘಟ್ಟ ಬೆಳಿಗ್ಗೆಯೇ ಇಳಿಯಬೇಕು.

ಮಗಳು ಬಸುರಿ, ಎಷ್ಟು ಚಾ ಕೊಡಬಹುದು ಅಂತ ಒಬ್ಬರು ತಾಯಿ ಕೇಳಿದರು. ದಿನಕ್ಕೆ 200 ಮಿಲಿಗ್ರಾಂ ಒಳಗೆ ಅಂತ ಬಹಳ ಕಡೆ ಹೇಳುತ್ತಾರೆ. ಕೊನೆಯ ತಿಂಗಳುಗಳಲ್ಲಿ ಕೆಫೀನ್ ಕರಗಲು ಮೂರು ಪಟ್ಟು ಹೊತ್ತು ಹಿಡಿಯುತ್ತದೆ, ಹಾಗಾಗಿ ಎರಡು ಸಣ್ಣ ಲೋಟಕ್ಕೆ ನಿಲ್ಲಿಸುವುದು ಒಳ್ಳೆಯದು. ಅದನ್ನೂ ಊಟದ ಜೊತೆ, ಕಬ್ಬಿಣದ ಗುಳಿಗೆಯ ಜೊತೆ ಬೇಡ. ಚಾದ ಒಗರು ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ, ಒಂದು ಗಂಟೆ ಅಂತರ ಇರಲಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. 'ನಾನು ಕಮ್ಮಿ ಮಾಡಿದರೂ ಹೋದ ಮನೆಯವರು ಬಿಡಬೇಕಲ್ಲ? ಆಸರಿಗೆ ಎಂತ ಮಾಡ್ಲಿ, ಚಾ ಅಡ್ಡಿಲ್ಯಾ ಅಂತ ಕೇಳಿದಾಗ ಬೇಡ ಅಂದ್ರೆ ಬೇಜಾರು ಮಾಡ್ಕೊತ್ರು.' ನಿಜ, ನಮ್ಮ ಕಡೆ ಬರೀ ಬೇಡ ಅಂದರೆ ನಡೆಯುವುದಿಲ್ಲ. ಅದಕ್ಕೆ ಬೇಡ ಅನ್ನಬೇಡಿ, ಬೇರೆ ಏನಾದರೂ ಕೇಳಿ. ಮಜ್ಜಿಗೆ ಎಲ್ಲರ ಮನೆಯಲ್ಲೂ ಇರುತ್ತದೆ. ಬೇಸಿಗೆಯಲ್ಲಿ ಮುರುಗಲು ಪಾನಕ ಕೇಳಿದರೆ ಕೊಡುವವರಿಗೂ ಖುಷಿ. ಕಷಾಯ ಕೇಳಿದರೆ ಮಾತ್ರ 'ಹುಷಾರಿಲ್ಯಾ?' ಅಂತ ಅರ್ಧ ಗಂಟೆ ವಿಚಾರಿಸುತ್ತಾರೆ, ಅಷ್ಟು ಪುರಸೊತ್ತು ಇಟ್ಟುಕೊಂಡು ಹೋಗಿ.